ವಾರ್ಡಿನ ಬಾಗಿಲಲ್ಲೊಂದು ನಾಕಾ

ಕಳೆದ ಸೋಮವಾರ ಸುರಪುರದ ದವಾಖಾನೆಯಲ್ಲಿ ನನ್ನ ಬುತ್ತಿ ಜಪ್ತಿಯಾಯಿತು. ಜಪ್ತಿ ಮಾಡಿದವನು ನನ್ನ ಸೋದರಮಾವ ದೇವಪ್ಪ!

ಮಾವ ಕಾಲು ಮುರಿದುಕೊಂಡು ಬಾಗಿಲ ಪಕ್ಕದ ಮಂಚದಲ್ಲಿದ್ದ. ಕೈಗೋಲನ್ನು ಬಾಗಿಲಿಗೆ ಅಡ್ಡ ಹಿಡಿದು ಕೇಳಿದ:

"ಏನ್ ಮಾಲು? ಪರ್ಮಿಟ್ ತೋರ್ಸು!"

(ಇಪ್ಪತ್ತು ವರ್ಷ ಕೃಷ್ಣೆಯ ದಂಡೆಯ ಸುಂಕದ ನಾಕಾದಲ್ಲಿ ಜವಾನನಾಗಿದ್ದವನು. ನಿಜಾಮರ ಸೀಮೆ ಹೋಯಿತು, ಹೋದ ವರ್ಷ ನಾಕಾವನ್ನೂ ತೆಗೆದರು.)

"ರೊಟ್ಟಿ, ಪುಂಡಿಪಲ್ಯ ಐತಿ ಮಾವಾ."

"ಪುಂಡಿಪಲ್ಯಕ್ಕ ಪರ್ಮಿಟ್ ಬ್ಯಾಡೇನಲೇ?"

ಹಿಂದೆಯೇ ಡಾಕ್ಟರ್ ಬಂದರು. ಅವರ ಬ್ಯಾಗೂ ಜಪ್ತಿ! ಡಾಕ್ಟರ್ ಕೆಂಡವಾದರು. "ಇವರಿಗೆ ಹುಚ್ಚು. ಹುಚ್ಚಾಸ್ಪತ್ರೆಗೆ ಚೀಟಿ ಬರೆದುಕೊಡ್ತೀನಿ."

ಮಾವನ ಮಗ್ಗುಲಲ್ಲಿ ಕೂತಿದ್ದ ಅತ್ತೆ ಅಳತೊಡಗಿದಳು. "ಹುಚ್ಚಲ್ರೀ ಸಾಹೇಬ್ರ, ದೆವ್ವ ಬಡದೈತಿ. ಕೆಂಭಾವಿಯಿಂದ ಮಂತ್ರ ಹಾಕಾಂವನ್ನ ಕರಸ್ತೀನ್ರಿ."

ಹುಚ್ಚೋ? ದೆವ್ವವೋ? ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟ ಗಿರಣಿ ಮಿಸ್ತ್ರಿ ನಾನು, ಡಾಕ್ಟರಿಗೆ ಏನು ಹೇಳಲಿ? ಆದರೆ ಇಂಜಿನ್ ಕೆಟ್ಟರೆ ಮೊದಲು ಕೇಳುವುದೊಂದೇ: ನಿನ್ನೆ ಹೇಗೆ ಓಡುತ್ತಿತ್ತು?

"ಮಾವ ಮೊನ್ನಿ ಹೆಂಗಿದ್ನ ಅತ್ತಿ?"

"ಚಂದ ಇದ್ರೋ ಯಪ್ಪಾ. ನನ್ನ ಬೈದ್ರು ಸೈತ! ನಿನ್ನಿಯಿಂದ ಹಿಂಗ. ಒಂದ್ ಗಳಿಗಿ ಶಾಣ್ಯಾ ಆಗ್ತಾರ, ಇನ್ನೊಂದ್ ಗಳಿಗಿ ಮತ್ತ ನಾಕಾ!"

ಡಾಕ್ಟರ ಪೆನ್ನು ನಿಂತಿತು. "ಒಮ್ಮೆಲೇ ಬಂತಾ? ಬಂದು ಹೋಗಿ ಮಾಡುತ್ತಾ? ಹಾಗಾದರೆ ಹುಚ್ಚಲ್ಲ ಕಣ್ರೀ, ಸನ್ನಿ. ಮೈಯೊಳಗೆ ಏನೋ ಕೆಟ್ಟಿದೆ." ಹೊಟ್ಟೆ ಒತ್ತಿ ನೋಡಿದರು. ಕಿಬ್ಬೊಟ್ಟೆ ಕಲ್ಲಾಗಿತ್ತು. "ಮೂತ್ರ ಮಾಡಿದ್ದು ಯಾವಾಗ?"

ಯಾರಿಗೆ ಗೊತ್ತು? ನರ್ಸ್ ಬಾಟಲಿ ತಂದಳು. ಮಾವ ಗುಡುಗಿದ:

"ಬದಲಿ ಮನಷ್ಯಾ ಬರೂತನಾ ಡ್ಯೂಟಿ ಬಿಡಂಗಿಲ್ಲ!"

ನಾನು ನೆಟ್ಟಗೆ ನಿಂತು ಸಲಾಮು ಹೊಡೆದೆ. "ಬದಲಿ ಬಂದೀನ್ರಿ ಜಮಾದಾರ್ರ. ನೀವು ನಡೀರಿ." (ಜವಾನನಿಗೆ ನಿಂತಲ್ಲೇ ಬಡ್ತಿ!)

ಮಾವ ಮೇಲಿಂದ ಕೆಳಗೆ ನೋಡಿದ. "ಭಾಳ ತಡಾ ಮಾಡಿದ್ಯಲೇ," ಎಂದು ಕೋಲು ಕೊಟ್ಟ.

ಬಾಟಲಿ ತುಂಬಿತು. ಇನ್ನೊಂದು ತಂದರು. ಅದೂ ತುಂಬಿತು. ಇಡೀ ವಾರ್ಡ್ ಎದ್ದು ಕೂತು ನೋಡಿತು.

"ಮೂತ್ರ ಕಟ್ಟಿಯೇ ಸನ್ನಿ ಬಂದದ್ದು," ಎಂದು ಡಾಕ್ಟರ್ ಚೀಟಿ ಹರಿದರು. ಅತ್ತೆಗೆ ಹೇಳಿದರು: ನೀರು ಕುಡಿಸಿ, ಗುರುತಿನವರು ಹತ್ತಿರ ಕೂತಿರಿ, ವಾದ ಬೇಡ, ಕಣ್ಣಿಗೆ ಚಾಳೀಸು ಕನ್ನಡಕ ಹಾಕಿ. (ಚಾಳೀಸು ಒಡೆದೀತೆಂದು ಅತ್ತೆ ಅದನ್ನು ನಾಲ್ಕು ದಿನದಿಂದ ಗಂಟಿನಲ್ಲಿ ಕಟ್ಟಿಟ್ಟಿದ್ದಳು!)

ಮೂರನೇ ದಿನ ಮಾವ ಬುತ್ತಿಗಂಟು ವಾಪಸು ಕೊಟ್ಟ. ಖಾಲಿ. ಆಮೇಲೆ ಮೆಲ್ಲಗೆ, "ನಾಕಾ ತಗದು ವರ್ಷಾತಲ್ಲೋ," ಎಂದ.

ಹೌದು, ತೆಗೆದ ದಿನ ನಾವೆಲ್ಲ ಹಲಗೆ ಬಾರಿಸಿ ಕುಣಿದಿದ್ದೆವು. ಆದರೆ ಆವತ್ತು ಮಾವನ ಹತ್ತಿರ ಹೋಗಿ, 'ನಿನ್ನ ಡ್ಯೂಟಿ ಮುಗೀತು, ಕೋಲು ಕೊಡು' ಅಂತ ಹೇಳಿದವರು ಯಾರ್ರೀ?