ಔರಾದಿನ ಬಿಳಿ ಸೀರೆಗಳು

ಮೊನ್ನೆ ಬೀದರಿನ ಮೈಲೂರಿನ ನಮ್ಮ ಮನೆಯಲ್ಲಿ ತಂಗಿಯ ಮಗಳು ಟಿ.ವಿ. ಹಚ್ಚಿ ಕುಳಿತಿದ್ದಳು. ಹಳೆಯ ದೆವ್ವದ ಧಾರಾವಾಹಿಯ ಕಂತು: ಸಣ್ಣ ಊರು, ಅಲ್ಲೊಂದು ಗುಪ್ತ ಪಂಥ, ಎಲ್ಲರೂ ಬಿಳಿ ಬಟ್ಟೆಯವರು. ಹೊಸದಾಗಿ ಬಂದವಳನ್ನು ನಗುನಗುತ್ತಾ ಊಟಕ್ಕೆ ಕರೆದು ಬಲಿ ಕೊಡುತ್ತಾರೆ. ಹುಡುಗಿ ದಿಂಬು ಅಪ್ಪಿಕೊಂಡಳು. ನನಗೆ ಮಾತ್ರ ನಾಚಿಕೆಯಾಯಿತು. ಕಾರಣ ಹೇಳುತ್ತೇನೆ, ನಗಬೇಡಿ.

ನನ್ನ ಮೊದಲ ನೌಕರಿ ಔರಾದಿನ ಶಾಲೆಯಲ್ಲಿ. ಭಾಲ್ಕಿ ಬಿಟ್ಟು ಹೊರಗೆ ಇರುವುದು ಅದೇ ಮೊದಲು. ಮಕ್ಕಳ ಮುಂದೆ ಹುಲಿ, ಬಾಡಿಗೆ ಕೋಣೆಯಲ್ಲಿ ಇಲಿ. ಮನೆಯೊಡತಿ ಸುಮನಬಾಯಿ ಬೌದ್ಧ ಧರ್ಮಕ್ಕೆ ಸೇರಿದ ದಲಿತರು. ಅವ್ವನಿಗೆ ಆಪರೇಷನ್ ಇದೆಯೆಂದು ಅವರೆದುರು ಒಮ್ಮೆ ಅತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಇದೇ ಕಂತನ್ನು ಅವರ ಟಿ.ವಿ.ಯಲ್ಲಿಯೇ ನೋಡಿದೆ. ಮರುದಿನ ಅವರು ಬಾಗಿಲಿಗೆ ಬಂದರು.

“ಟೀಚರ್, ನಾಳಿ ಹುಣ್ಣಿಮಿ. ಸಂಜಿಗೆ ನಮ್ಮ ಬುದ್ಧ ವಿಹಾರಕ್ಕ ಬರ್ರಿ, ಊಟಾನೂ ಅಲ್ಲೇ. ಎಲ್ಲಾರೂ ನಿಮ್ಮ ಸಲುವಾಗಿ ಕಾಯ್ತೇವಿ.”

“ನನ್ನ ಸಲುವಾಗಿ ಯಾಕ್ರಿ?”

“ಬರ್ರಿ, ಗೊತ್ತಾಗ್ತದ,” ಎಂದು ನಕ್ಕರು. ಟಿ.ವಿ.ಯಲ್ಲಿ ಕಂಡ ನಗುವೇ ಇದು ಎನಿಸಿತು.

ಮರುದಿನ ಜ್ವರವೆಂದು ಸುಳ್ಳು ಹೇಳಿ ಚಿಲಕ ಹಾಕಿಕೊಂಡೆ. ಕಿಟಕಿಯ ಸಂದಿಯಲ್ಲಿ ನೋಡಿದರೆ ಅಂಗಳದ ತುಂಬ ಹೆಂಗಸರು, ಎಲ್ಲರದೂ ಬಿಳಿ ಸೀರೆ! ಅವರು ಅತ್ತ ಹೋದದ್ದೇ ತಡ, ಚೀಲ ಹಿಡಿದು ಓಡಿ ಭಾಲ್ಕಿ ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ಬಂದಾಗ ಪಕ್ಕದ ಮನೆಯಾಕೆ ಹೇಳಿದಳು: “ಹುಣ್ಣಿಮಿಗೊಮ್ಮೆ ಉಡೋ ಬಿಳಿ ಸೀರಿ ಉಟ್ಟು, ನಿಮ್ಮವ್ವ ಆರಾಮಾಗ್ಲೆಂತ ಎಲ್ಲಾರೂ ಕೂಡಿ ಪ್ರಾರ್ಥನಾ ಮಾಡಿದರ್ರಿ. ನೀವ ಇರಲಿಲ್ಲ.”

ಅವ್ವ ಗುಣವಾದಳು. ಮುಂದಿನ ವರ್ಷ ನನಗೆ ವರ್ಗವಾಯಿತು. ನಿಜ ಮಾತ್ರ ಹೊಟ್ಟೆಯಲ್ಲೇ ಉಳಿಯಿತು.

ಈ ಭಾನುವಾರ ಔರಾದಿಗೆ ಹೋಗಿ, ಮುಪ್ಪಾದ ಸುಮನಬಾಯಿಯವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ನಕ್ಕು ಬಿಡುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ.

“ಜ್ವರ ಸುಳ್ಳಂತ ಅವತ್ತೇ ಗೊತ್ತಿತ್ರಿ. ನಮ್ಮ ಕೈಯಾಂದು ಉಣ್ಣಬಾರದಂತ ತಪ್ಪಿಸಿಕೊಂಡ್ರಿ ಅನ್ಕೊಂಡಿದ್ದೆ. ಅದಕ್ಕ ಮತ್ತ ಕರೀಲಿಲ್ಲ.”

“ಇಲ್ರಿ, ಟಿ.ವಿ. ನೋಡಿ ಹೆದರಿದ್ದೆ,” ಎಂದೆ. ಆದರೆ ಭಾಲ್ಕಿಯ ನಮ್ಮ ಓಣಿಯ ಹೆಂಗಸರೇ ಬಿಳಿ ಸೀರೆಯುಟ್ಟು ಕರೆದಿದ್ದರೆ ಹಾಗೆ ಓಡುತ್ತಿದ್ದೆನೇ?

“ಹಸಿವಾಗ್ಯದ್ರಿ,” ಎಂದೆ.

“ರೊಟ್ಟಿ, ಪುಂಡಿಪಲ್ಯ ಅದ. ನಡೀತದ?”

“ನಡೀತದ್ರಿ.”

ತಾಟು ಬಂತು. ಎದುರಿಗೆ ಕುಳಿತು, ನಾನು ಮೊದಲ ತುತ್ತು ನುಂಗುವವರೆಗೂ ನೋಡಿ, ಆಮೇಲೆ ಸುಮನಬಾಯಿ ತಮ್ಮ ರೊಟ್ಟಿ ಮುರಿದರು.