ಗುರುವಾರ ಮಧ್ಯಾಹ್ನದ ಸಹಿ

ಇಲ್ಲಿ ಅಮೆರಿಕದಲ್ಲಿ, ಬೋಲಿಂಗ್‌ಬ್ರೂಕ್‌ನಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಒಂದು ಪುಟ್ಟ ಊರಿನ ಪೊಲೀಸ್ ಸ್ಟೇಷನ್ನಿನಲ್ಲಿ ನಾನು ಗುಮಾಸ್ತೆ. ಪೊಲೀಸ್ ಅಂದ ಕೂಡಲೇ ನಮ್ಮವರೆಲ್ಲ "ಅಯ್ಯೋ, ಗನ್ ಕೊಟ್ಟಿದಾರಾ?" ಅಂತ ಕೇಳುತ್ತಾರೆ. ಗನ್ನೂ ಇಲ್ಲ, ಲಾಠಿಯೂ ಇಲ್ಲ, ನನಗೆ ಕೊಟ್ಟಿರುವುದು ಒಂದು ಸ್ಟೇಪ್ಲರ್. ನನ್ನ ಕೆಲಸ ತರಬೇತಿಯ ಕಾಗದಪತ್ರ ನೋಡಿಕೊಳ್ಳುವುದು. ನಮ್ಮ ಪೊಲೀಸರನ್ನು ತರಬೇತಿಗೆ ಕೂರಿಸಿದರೆ ಖರ್ಚನ್ನು ಮೊದಲು ಊರೇ ಹಾಕಬೇಕು. ಆಮೇಲೆ ಯಾರು ಎಷ್ಟು ಗಂಟೆ ಕೂತಿದ್ದರು ಅಂತ ಹಾಜರಿ ಹಾಳೆ ಸಮೇತ ಅರ್ಜಿ ಕಳಿಸಿದರೆ, ರಾಜ್ಯ ಸರ್ಕಾರ ಅದರಲ್ಲಿ ಒಂದು ಪಾಲು ವಾಪಸ್ ಕೊಡುತ್ತದೆ. ಹಾಳೆಯಲ್ಲಿ ಒಬ್ಬೊಬ್ಬರದೂ ದಿನಕ್ಕೆರಡು ಸಹಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.

ಕಳೆದ ವರ್ಷ, ಮಾನಸಿಕ ಕಾಯಿಲೆ ಇರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ನಮ್ಮ ಸ್ಟೇಷನ್ನಿನಲ್ಲೇ ಐದು ದಿನದ ತರಬೇತಿ ನಡೆಯಿತು. ಕೂತವರಲ್ಲಿ ಒಬ್ಬ ಪೊಲೀಸ್ ಹುಡುಗಿ ನನಗೆ ತುಂಬಾ ಅಚ್ಚುಮೆಚ್ಚು. ಆರಡಿ ಎತ್ತರ, ಒಬ್ಬಳೇ ಮಗನನ್ನು ಸಾಕುತ್ತಿದ್ದಾಳೆ, ಬಾಯಿ ಬಿಟ್ಟರೆ ನಗು. ಗುರುವಾರ ನಾನು ಒಯ್ದಿದ್ದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದು ತರಬೇತಿ ಕೋಣೆಯ ಕಡೆ ನಡೆದಳು. ಕಣ್ಣಾರೆ ನೋಡಿದ್ದೇನೆ. ಶುಕ್ರವಾರ ಸಂಜೆ ಹಾಳೆ ಜೋಡಿಸುತ್ತಾ ನೋಡಿದರೆ, ಗುರುವಾರ ಮಧ್ಯಾಹ್ನದ ಜಾಗದಲ್ಲಿ ಅವಳ ಸಹಿಯೇ ಇಲ್ಲ!

ಇಲ್ಲಿ ನನ್ನ ಹಳೇ ಚಾಳಿಯ ಕಥೆ ಹೇಳಬೇಕು. ದಾವಣಗೆರೆಯ ಒಂದು ಆಫೀಸಿನಲ್ಲಿ ಏಳು ವರ್ಷ ದುಡಿದವಳು ನಾನು. ಬಸ್ಸು ತಪ್ಪಿಸಿಕೊಂಡವರ, ಮಗುವಿಗೆ ಜ್ವರ ಬಂದವರ ಸಹಿಯನ್ನು ಪಕ್ಕದ ಮೇಜಿನವರು ಹಾಕುವುದು ಅಲ್ಲಿ ಪದ್ಧತಿ. ನನ್ನದನ್ನು ಅವರು, ಅವರದನ್ನು ನಾನು. ಹಾಕಲ್ಲ ಅಂದವರಿಗೇ "ಏನ್ ಜಂಭ ನೋಡು" ಅನ್ನುತ್ತಿದ್ದೆವು. ಐದು ಜನರ ಸಹಿ ನನಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಅಂಥ ಕೈ ಸುಮ್ಮನಿರುತ್ತದೆಯೇ? ಹುಡುಗಿ ಇದ್ದದ್ದು ನಿಜ ತಾನೇ, ಪಾಪ, ಮರೆತಿದ್ದಾಳೆ ಅಂದುಕೊಂಡು ಬುಧವಾರದ್ದನ್ನು ನೋಡಿ ಗುರುವಾರಕ್ಕೊಂದು ಎಳೆದೇ ಬಿಟ್ಟೆ. ಕಾಗದದ ಕಟ್ಟನ್ನು ನಮ್ಮ ಮೇಲಧಿಕಾರಿ ಲೆಫ್ಟಿನೆಂಟ್ ಅವರ ಮೇಜಿನ ಮೇಲಿಟ್ಟು ಮನೆಗೆ ಹೋದೆ. ಇದರಲ್ಲಿರುವುದೆಲ್ಲ ನಿಜ ಅಂತ ಕೊನೆಯಲ್ಲಿ ಅವರು ಸಹಿ ಮಾಡಿ ಸೋಮವಾರ ಸಂಜೆಯೊಳಗೆ ಕಳಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಹುಡುಗಿ ಸಿಕ್ಕಳು. "ಗುರುವಾರ ನಿಮ್ಮ ಅನ್ನ ತಿಂದು ಎದ್ದಿದ್ದೇ ತಡ, ಮಗನ ಸ್ಕೂಲಿಂದ ಫೋನ್. ಬಿದ್ದು ಕೈ ಮುರ್ಕೊಂಡಿದ್ದ. ಟ್ರೈನಿಂಗ್ ಕೊಡೋರಿಗೆ ಹೇಳಿ ಹಿಂದಿನ ಬಾಗಿಲಿಂದ ಓಡಿದೆ. ಆ ನಾಲ್ಕು ಗಂಟೆ ಮುಂದಿನ ತಿಂಗಳು ಮತ್ತೆ ಕೂರಬೇಕು," ಅಂದಳು.

ಮಗು ಹೇಗಿದೆ ಅಂತ ಕೇಳಿದೆನೋ ಇಲ್ಲವೋ ನೆನಪಿಲ್ಲ.

ಊಟದ ಹೊತ್ತಿಗೆ ಕಾರಿನಲ್ಲಿ ಕೂತು ನಾರ್ತ್‌ವಿಲ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಒದರಿದೆ. "ಅಯ್ಯೋ ಸುಮ್ನಿರೇ! ನಾಲ್ಕು ಗಂಟೆ ಹಾಜರಿ ಯಾವ ಮಹಾರಾಯ ನೋಡ್ತಾನೆ? ಬಾಯಿ ಬಿಟ್ರೆ ನಿನ್ನ ಕೆಲಸಕ್ಕೇ ಸಂಚಕಾರ," ಅಂದಳು. ಅವಳ ಮಾತೇನೂ ಸುಳ್ಳಲ್ಲ. ನಮ್ಮೆಜಮಾನರ ಕೆಲಸ ಹೋಗಿ ಆರು ತಿಂಗಳಾಗಿತ್ತು. ಇಡೀ ಮನೆಯ ಆರೋಗ್ಯದ ಇನ್ಶೂರೆನ್ಸ್ ನನ್ನ ಕೆಲಸದಿಂದಲೇ ಬರುತ್ತಿದ್ದದ್ದು. ನಾನೇನು ಅಂಥ ಸತ್ಯವಂತೆಯೂ ಅಲ್ಲ. ಆದರೆ ಆ ಲೆಫ್ಟಿನೆಂಟ್ ನನ್ನನ್ನು ನಂಬಿ ಎಲ್ಲ ನಿಜ ಅಂತ ಸಹಿ ಹಾಕುತ್ತಾರಲ್ಲ, ಅದೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಅಕ್ಕನ ಮೇಲೆ ರೇಗಿ ಫೋನ್ ಇಟ್ಟೆ. ರೇಗಬೇಕಾಗಿದ್ದು ನನ್ನ ಮೇಲೆ, ಪಾಪ ಅವಳೇನು ಮಾಡಿಯಾಳು.

ಲೆಫ್ಟಿನೆಂಟ್ ಕೋಣೆಗೆ ಹೋಗಿ, ಕೂರು ಅನ್ನುವ ಮೊದಲೇ ಹೇಳಿಬಿಟ್ಟೆ. "ಗುರುವಾರ ಮಧ್ಯಾಹ್ನದ್ದು ಅವಳ ಸಹಿಯಲ್ಲ. ನಾನು ಹಾಕಿದ್ದು. ಅವಳಿಗೆ ಇದರ ಗಂಧಗಾಳಿಯೂ ಇಲ್ಲ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿಗೊರಗಿ ದೊಡ್ಡದಾಗಿ ಉಸಿರು ಬಿಟ್ಟರು. ಮೇಜಿನ ಮೇಲೆ ಮಗುಚಿಟ್ಟಿದ್ದ ಒಂದು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಆ ಹುಡುಗಿಯ ಹೆಸರಿಗೆ ಬರೆದ ವಿಚಾರಣೆಯ ನೋಟಿಸು.

"ಗುರುವಾರ ಅವಳು ಹೊರಟಾಗ ನಾನು ಪಾರ್ಕಿಂಗ್ ಲಾಟಲ್ಲೇ ಇದ್ದೆ," ಅಂದರು. "ಬೆಳಿಗ್ಗೆ ನೋಡಿದ್ರೆ ಹಾಳೇಲಿ ಸಹಿ ಇದೆ. ಇಲ್ಲದಿದ್ರೂ ಇದ್ದೆ ಅಂತ ಸಹಿ ಹಾಕಿದಾಳೆ ಅಂದ್ಕೊಂಡೆ. ಮೂರು ಗಂಟೆಗೆ ಕರೆಸೋದಿತ್ತು."

ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

"ನಾನು ಹಾಕಿಲ್ಲ ಅಂತ ಅವಳೇ ಹೇಳ್ತಿದ್ದಳಲ್ಲ?" ಅಂದೆ.

"ಸಿಕ್ಕಿಬಿದ್ದವರೆಲ್ಲ ಅದನ್ನೇ ಹೇಳೋದು. ಸುಳ್ಳು ಹೇಳಿದಾಳೆ ಅಂತ ಒಂದು ಸಲ ಫೈಲಲ್ಲಿ ಬಿದ್ದ ಪೊಲೀಸಿನ ಸಾಕ್ಷಿಯನ್ನ ಯಾವ ಕೋರ್ಟ್ ನಂಬುತ್ತೆ? ಅಲ್ಲಿಗೆ ಅವಳ ನೌಕರಿ ಮುಗೀತು."

ಬೆಳಿಗ್ಗೆಯಿಂದ ನನ್ನ ಕೆಲಸ, ನನ್ನ ಇನ್ಶೂರೆನ್ಸ್ ಅಂತ ಒದ್ದಾಡಿದ್ದೇ ಬಂತು, ಅವಳ ಅನ್ನಕ್ಕೇ ಕಲ್ಲು ಹಾಕಿದ್ದೇನೆ ಅಂತ ಹೊಳೆದೇ ಇರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪ್ರೀತಿಯಿಂದ ಮಾಡಿದೆನಂತೆ, ಪ್ರೀತಿ!

ಅವರು ಎದ್ದು ಆ ನೋಟಿಸನ್ನು ಕಾಗದ ಕತ್ತರಿಸುವ ಮೆಷಿನ್ನಿಗೆ ಹಾಕಿದರು. ಅದು ಗರ್ ಅಂತ ಚೂರುಚೂರಾಗಿ ಇಳಿಯುವಾಗ ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ನನ್ನ ಸರದಿ. ಲಿಖಿತ ಎಚ್ಚರಿಕೆ ಕೊಟ್ಟರು, ಇನ್ನೊಂದು ಸಲ ಹೀಗಾದರೆ ಮಾತೇ ಇಲ್ಲ ಅಂದರು, ಆರು ತಿಂಗಳು ಹಾಜರಿ ಹಾಳೆ ಮುಟ್ಟಬೇಡ ಅಂದರು. ಆ ನಾಲ್ಕು ಗಂಟೆಯನ್ನು ಲೆಕ್ಕದಿಂದ ಕಳೆದು, ಯಾಕೆ ಕಳೆದೆವು ಅಂತ ಬರೆದು, ಅರ್ಜಿಯನ್ನು ಸಂಜೆಯೊಳಗೆ ಕಳಿಸಿದರು.

ಹುಡುಗಿಗೆ ನಾನೇ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಳುಚಿಕೊಂಡಿತು. "ನನ್ನ ಒಂದು ಮಾತು ಕೇಳಬಾರದಿತ್ತಾ?" ಅಂದಳು. ಕೇಳಬೇಕಿತ್ತು, ತಪ್ಪಾಯ್ತು ಅಂದೆ. ಅವತ್ತು ಅವಳು ನಗಲಿಲ್ಲ. ಬೈದಿದ್ದರೂ ಬೈಸಿಕೊಳ್ಳುತ್ತಿದ್ದೆ.

ಐದು ಗಂಟೆಗೆ ಕಾರಿನಲ್ಲಿ ಕೂತಿದ್ದೆನಷ್ಟೇ, ಅಕ್ಕನ ಫೋನು. ಎತ್ತಿದ್ದೇ ತಡ, ತಡೆದಿಟ್ಟುಕೊಂಡಿದ್ದ ಅಳುವೆಲ್ಲ ಒಟ್ಟಿಗೇ ಬಂತು.

"ಏನೇ, ಕೆಲಸ ಹೋಯ್ತಾ?" ಅಂತ ಅವಳು ಗಾಬರಿಯಾದಳು.

"ಇಲ್ಲ."

"ಮತ್ಯಾಕೆ ಹಿಂಗೆ ಅಳ್ತಿದೀಯಾ?"

"ಅವಳದೂ ಹೋಗ್ಲಿಲ್ಲ, ಅಕ್ಕಾ."