ತಂಗಿಯ ಗಾದಿ ಆಯೋಗದ ಅಂಗಳಕ್ಕೆ ಬಂದ ದಿನ

ಮೂರು ವರ್ಷದ ಹಿಂದಿನ ಮಾತು. ನನ್ನ ತಂಗಿ ರೇಖಾಳ ಮದುವೆಯಾದ ಮೇಲೆ ಅದೇ ಮೊದಲ ನಾಗರ ಪಂಚಮಿ. ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆತರಲು ನಮ್ಮಲ್ಲಿ ಅಣ್ಣನೇ ಹೋಗಬೇಕು. ಅವ್ವ ಕಟ್ಟಿಕೊಟ್ಟ ಉಂಡೆ, ಚಕ್ಕುಲಿ ತೆಗೆದುಕೊಂಡು ಬೈಕಿನಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಹೊರಟೆ. ತಂಗಿಯನ್ನು ನೋಡುವ ಖುಷಿ ಒಂದು ಕಡೆ. ನಾನು ಕೊಟ್ಟ ಗಾದಿಯನ್ನು ಬೀಗರು ಹೇಗೆ ಹೊಗಳುತ್ತಾರೋ ಕೇಳುವ ಆಸೆ ಇನ್ನೊಂದು ಕಡೆ. ಸುಳ್ಳೇಕೆ ಹೇಳಲಿ, ಎರಡನೆಯದೇ ಸ್ವಲ್ಪ ಹೆಚ್ಚಾಗಿತ್ತು.

ನಾನು ದೇವರಾಜ ಅರಸು ಬಡಾವಣೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಅಪ್ಪ ಇಲ್ಲದ ಕಾರಣ ತಂಗಿಯ ಮದುವೆ ನನ್ನದೇ ಜವಾಬ್ದಾರಿ. ಬೀಗರು ಏನೂ ಕೇಳಿರಲಿಲ್ಲ. ಆದರೂ ಮಂಚ, ಗಾದಿ, ಪಾತ್ರೆ ಪಗಡೆ ಕೊಡುವುದು ನಮ್ಮ ಕಡೆಯ ಪದ್ಧತಿ. ಎಲ್ಲದರಲ್ಲೂ ಕೈ ಬಿಗಿಹಿಡಿದು ಖರ್ಚು ಮಾಡಿದ ನಾನು ಗಾದಿಯ ವಿಷಯದಲ್ಲಿ ಮಾತ್ರ ಹಟಕ್ಕೆ ಬಿದ್ದೆ. ಊರಿನ ದೊಡ್ಡ ಶೋರೂಮಿಗೆ ಹೋಗಿ, ನನ್ನ ಜೇಬಿಗೆ ಮೀರಿದ್ದನ್ನೇ ಆರಿಸಿದೆ. "ಹತ್ತು ವರ್ಷ ಗ್ಯಾರಂಟಿ ಸರ್, ಏನೇ ಆದ್ರೂ ನಾವಿದೀವಿ" ಅಂದರು ಶೋರೂಮಿನವರು. ಮದುವೆ ಮಂಟಪದಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಅದನ್ನು ಮಂಚದ ಮೇಲೆ ಜೋಡಿಸಿಟ್ಟಿದ್ದೆವು. ಬಂದವರೆಲ್ಲ ಒಮ್ಮೆ ಒತ್ತಿ ನೋಡಿ ಹೋದರು. ನಾನು ಅದರ ಪಕ್ಕ ನಿಂತು ಫೋಟೊ ಕೂಡ ತೆಗೆಸಿಕೊಂಡೆ!

ಹರಿಹರದಲ್ಲಿ ತಂಗಿಯ ಅತ್ತೆ ಗಿರಿಜಮ್ಮ ಬಾಯ್ತುಂಬ ಮಾತಾಡಿಸಿದರು. ಗಟ್ಟಿ ದನಿ, ಗಟ್ಟಿ ಮಾತು. ನಾನೂ ಅವರನ್ನು ಅತ್ತಿ ಎಂದೇ ಕರೆಯುತ್ತೇನೆ. ಚಹಾ ಕುಡಿದ ಮೇಲೆ ಅವರು, "ರೇಖಾನ ರೂಮಿನ ಫ್ಯಾನು ಕಿರ್ ಅಂತೈತೆ. ನೀನು ಅದೇ ಕೆಲಸದವ, ಒಂಚೂರು ನೋಡಪ್ಪ" ಅಂದರು. ರೇಖಾ ಅಡುಗೆಮನೆಯಿಂದ ಓಡಿಬಂದು, "ಬ್ಯಾಡ ಬಿಡಣ್ಣ, ಆಮ್ಯಾಲೆ ನೋಡಿದ್ರಾತು" ಅಂದಳು. ಆಮೇಲೆ ಅನ್ನುವ ಮಾತು ನನ್ನ ಜಾಯಮಾನದಲ್ಲೇ ಇಲ್ಲ. ಸ್ಕ್ರೂಡ್ರೈವರ್ ಹಿಡಿದು ರೂಮಿಗೆ ನುಗ್ಗಿ ಸೀದಾ ಮಂಚ ಹತ್ತಿದೆ.

ಹತ್ತಿದ್ದೊಂದೇ ಗೊತ್ತು. ಕಾಲು ಕುಸಿಯಿತು. ಹಿಡಿದುಕೊಳ್ಳಲು ಏನೂ ಸಿಗದೆ ಅಡ್ಡಡ್ಡ ಬಿದ್ದೆ. ಮೇಲುಹಾಸು ಸರಿದು ಒಳಗಿನಿಂದ ಹಳೆಯ ಕೌದಿಗಳು ಹೊರಬಂದವು. ಗಾದಿಯ ನಟ್ಟನಡುವೆ ಎಮ್ಮೆ ಮಲಗಿ ಎದ್ದಂಥ ತಗ್ಗು. ಅದು ಕಾಣದಿರಲೆಂದು ತಂಗಿ ಅದರೊಳಗೆ ಕೌದಿ ಮಡಚಿ ತುಂಬಿದ್ದಳು. ಬಾಗಿಲ ಹಿಂದೆ ಸುತ್ತಿಟ್ಟ ಚಾಪೆಯೂ ಕಣ್ಣಿಗೆ ಬಿತ್ತು.

"ಎಷ್ಟು ದಿನದಿಂದ ಹಿಂಗೈತೆ?" ಎಂದು ಹಿಂದೆಯೇ ಬಂದಿದ್ದ ತಂಗಿಯನ್ನು ಕೇಳಿದೆ.

"ಮದುವೆಯಾದ ಮರುತಿಂಗಳಿಂದ. ಸೊಂಟ ಹಿಡ್ಕೊಂಡು ಏಳಾಕೇ ಬರ್ತಿರಲಿಲ್ಲ, ಅದಕ್ಕ ಕೆಳಗೆ ಮಲಗ್ತೀನಿ. ಸೆಕೆ ಅಂತ ಹೇಳೀನಿ. ನಮ್ಮತ್ತಿಯವ್ರಿಗೆ ಮಾತ್ರ ಗೊತ್ತಾಗೋದು ಬ್ಯಾಡಣ್ಣ, ನಿನ್ನ ಕೈಮುಗಿತೀನಿ" ಎಂದಳು. ಕಣ್ಣು ತುಂಬಿತ್ತು.

ಅಣ್ಣ ಇಷ್ಟು ಜಂಬದಿಂದ ಕೊಟ್ಟ ಗಾದಿ ಕೆಟ್ಟಿತು ಅಂದರೆ ಬೀಗರ ಮನೆಯಲ್ಲಿ ತವರಿನ ಮರ್ಯಾದೆ ಹೋಗುತ್ತದೆ ಅನ್ನುವುದು ಅವಳ ಭಯ. ತಗ್ಗಿನ ಫೋಟೊ ತೆಗೆದುಕೊಂಡು, ಕೌದಿಗಳನ್ನು ಮತ್ತೆ ತುರುಕಿ, ಫ್ಯಾನು ಮುಟ್ಟದೆಯೇ ಸರಿಯಾಯಿತೆಂದು ಹೇಳಿ, ಅವಳನ್ನು ಕರೆದುಕೊಂಡು ಬಂದೆ. ಹಬ್ಬದ ಮರುದಿನವೇ ಮೊಬೈಲಿನ ಫೋಟೊ ಹಿಡಿದು ಶೋರೂಮಿಗೆ ಹೋದೆ. ಫೋಟೊವನ್ನು ಸರಿಯಾಗಿ ನೋಡದೆಯೇ ಅವರು, "ಮಂಚದ ಹಲಗಿ ಬಗ್ಗಿರ್ತೈತೆ ಸರ್, ಗಾದಿದೇನು ತಪ್ಪಿಲ್ಲ. ಬೇಕಿದ್ರೆ ಗಾದಿ ಇಲ್ಲಿಗೆ ತಗೊಂಡು ಬರ್ರಿ, ಕಂಪನಿಯವರು ಬಂದಾಗ ತೋರಿಸ್ತೀವಿ" ಅಂದರು.

ಆಗಲಿ, ಮನೆಗೆ ತರಿಸಿ ತೋರಿಸೋಣ ಅಂದರೆ ಅವ್ವ ಅಡ್ಡ ನಿಂತಳು. "ಉಡಿ ತುಂಬಿ ಕಳಿಸಿದ ಮ್ಯಾಲೆ ಕೊಟ್ಟ ಸಾಮಾನು ತವರಿನ ಹೊಸ್ತಿಲಿಗೆ ತಿರುಗಿ ಬರಬಾರದು. ಆಕಿ ಬಾಳ್ವೆಗೆ ಒಳ್ಳೇದಲ್ಲ" ಅಂದಳು. ಸೀದಾ ಅಂಗಡಿಗೇ ಸಾಗಿಸೋಣ ಅಂದರೆ ಗಿರಿಜಮ್ಮನಿಗೆ ಹೇಳಬೇಕು. ಹೇಳಬಾರದೆಂದು ತಂಗಿಯ ಆಣೆ. ಗಾದಿ ಹರಿಹರ ಬಿಟ್ಟು ಬರುವ ಹಾಗಿಲ್ಲ, ನಾನು ಸುಮ್ಮನೆ ಕೂರುವ ಹಾಗಿಲ್ಲ. ಸಿಟ್ಟಿನಲ್ಲಿ ನಾಲ್ಕಾರು ಸಲ ಶೋರೂಮಿಗೆ ಹೋಗಿ ಕೂಗಾಡಿ ಬಂದೆ. ಕೊನೆಗೆ ಅವರು ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗತೊಡಗಿದರು.

ಒಂದು ದಿನ ಪಂಪಿನ ಮೋಟಾರ್ ರಿಪೇರಿಗೆ ತಂದಿದ್ದ ಗಿರಾಕಿಯೊಬ್ಬರು ನನ್ನ ಗೋಳು ಕೇಳಿ, "ಕೂಗಾಡಿದರೆ ಗಂಟಲು ಹೋಗುತ್ತೆ ಅಷ್ಟೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ವಕೀಲರು ಬೇಕೆಂದಿಲ್ಲ, ನೀವೇ ವಾದಿಸಬಹುದು" ಅಂದರು. ಇಂಥ ಮೊತ್ತದ ದೂರಿಗೆ ಶುಲ್ಕವೂ ಇಲ್ಲವಂತೆ. ಬಿಲ್ಲು, ವಾರಂಟಿ ಕಾರ್ಡು, ಫೋಟೊ ಸೇರಿಸಿ ನಾನೇ ದೂರು ಬರೆದೆ. ಶೋರೂಮಿಗೆ ನೋಟಿಸು ಹೋಯಿತು. ನನಗೋ ಆಗಲೇ ಕೇಸು ಗೆದ್ದಷ್ಟು ಹುರುಪು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಚಾರಣೆಗೆ ಹೋದೆ.

ಶೋರೂಮಿನ ವಕೀಲರು ಎದ್ದು ನಿಂತು ಎರಡೇ ಮಾತಿನಲ್ಲಿ ನನ್ನ ಹುರುಪು ಇಳಿಸಿದರು. "ಈ ಫೋಟೊ ಯಾವ ಗಾದಿಯದೋ ಯಾರಿಗೆ ಗೊತ್ತು? ಅಲ್ಲದೆ ಇವರು ಕೊಂಡವರು ಮಾತ್ರ. ಆ ಗಾದಿಯ ಮೇಲೆ ಒಂದು ದಿನವೂ ಮಲಗಿಲ್ಲ. ತಂಗಿಗೆ ಉಡುಗೊರೆ ಕೊಟ್ಟಿದ್ದಾರೆ, ಆಕೆ ನಮ್ಮ ಗ್ರಾಹಕರೇ ಅಲ್ಲ."

ಆದರೆ ಆಯೋಗದ ಅಧ್ಯಕ್ಷರು ವಕೀಲರನ್ನೇ ತಡೆದರು. "ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಗ್ರಾಹಕರೇ. ಕಾನೂನು ಹಾಗೆ ಹೇಳುತ್ತೆ" ಎಂದು ನನ್ನ ಕಡೆ ತಿರುಗಿ, "ಆದರೆ ತೊಂದರೆ ಆಗಿರೋದು ನಿಮ್ಮ ತಂಗಿಗೆ. ಅವರು ಏನಂತಾರೆ? ಮುಂದಿನ ಸಲ ಅವರನ್ನು ಕರೆದುಕೊಂಡು ಬನ್ನಿ. ಸಾಧ್ಯವಾದರೆ ಗಾದಿಯನ್ನೂ ತನ್ನಿ, ನೋಡೋಣ" ಅಂದರು.

ತಂಗಿಯೂ ಕಾನೂನಿನ ಪ್ರಕಾರ ಗ್ರಾಹಕಳು ಅಂತ ಕೇಳಿ ಕುಣಿಯುವಷ್ಟು ಖುಷಿಯಾಯಿತು. ಹೊರಗೆ ಬಂದು ಬೈಕ್ ಹತ್ತಿದ ಮೇಲೆ ಹೊಳೆಯಿತು. ಅಂದರೆ ಈಗ ಹರಿಹರದಲ್ಲಿ ಬಾಯಿ ಬಿಡಲೇಬೇಕು.

ಮರುದಿನ ಹೋದೆ. ಗಿರಿಜಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ರೇಖಾ ಬೇಡ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಂತೆಯೇ ಎಲ್ಲವನ್ನೂ ಹೇಳಿಬಿಟ್ಟೆ. ತಗ್ಗು, ಕೌದಿ, ಚಾಪೆ, ಕೇಸು, ಏನನ್ನೂ ಬಿಡಲಿಲ್ಲ. ಗಿರಿಜಮ್ಮ ಮೆಣಸಿನಕಾಯಿ ಕೈಯಲ್ಲೇ ಎದ್ದು ನಿಂತರು. ಮುಖ ಕೆಂಪಾಗಿತ್ತು. ನಮ್ಮ ಮರ್ಯಾದೆ ಹರಾಜಾಯಿತು ಅಂದುಕೊಂಡೆ.

"ಅಯ್ಯೋ ನಿನ್ನ! ಗಾದಿ ಕೆಟ್ಟದ್ದಕ್ಕೇನೇ ಕೆಳಗೆ ಮಲಗ್ತಿದ್ದೆ?" ಎಂದು ಅವರು ಸೊಸೆಯ ಕಡೆ ತಿರುಗಿದರು. "ಗಂಡಹೆಂಡ್ತಿಗೆ ಜಗಳ ಅಂತ ತಿಳ್ಕೊಂಡು ನಾನು ದಿನಾ ಎದಿ ಒಡ್ಕೊಂತೀನಿ! ಹೊಳಿದಂಡಿ ದೇವ್ರಿಗೆ ಹರಕಿ ಬ್ಯಾರೆ ಹೊತ್ತೀನಲ್ಲೇ!"

ನಾನೂ ರೇಖಾಳೂ ಮುಖ ಮುಖ ನೋಡಿಕೊಂಡೆವು. ಒಳಗಿನಿಂದ ತಂಗಿಯ ಗಂಡ ಮಂಜುನಾಥ ಬಂದು, "ನಾನು ಹೇಳಾಣ ಅಂದ್ರ ಇವಳು ಆಣೆ ಹಾಕಿದ್ಲು" ಎಂದು ತಲೆ ಕೆರೆದುಕೊಂಡರು. ಗಿರಿಜಮ್ಮನ ಸಿಟ್ಟು ಅಷ್ಟು ಹೊತ್ತಿಗೆ ಶೋರೂಮಿನ ಕಡೆ ತಿರುಗಿತ್ತು. "ನಮ್ಮ ಹುಡುಗಿನ್ನ ನೆಲದ ಮ್ಯಾಲೆ ಮಲಗಿಸ್ಯಾರ! ಯಾವತ್ತು ಐತೆ ಆ ಕೇಸು? ನಾನೂ ಬರ್ತೀನಿ" ಅಂದರು.

ಆ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬೆಳಿಗ್ಗೆ ಹರಿಹರದಿಂದ ಲಗೇಜ್ ಆಟೊದಲ್ಲಿ ಗಾದಿ ಹೊರಟಿತು. ಹಗ್ಗ ಬಿಗಿದದ್ದು ಸಾಲದೆಂದು ಗಿರಿಜಮ್ಮ ಹಿಂದೆ ಅದರ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತರು. ಮುಂದೆ ರೇಖಾ, ಹಿಂದೆ ಬೈಕಿನಲ್ಲಿ ನಾನು ಮತ್ತು ಮಂಜುನಾಥ. ದಾರಿಯಲ್ಲಿ ಕಂಡವರೆಲ್ಲ ಇದೇನು ಮೆರವಣಿಗೆ ಅಂತ ತಿರುಗಿ ನೋಡುತ್ತಿದ್ದರು. ಆಯೋಗದ ಅಂಗಳದಲ್ಲಿ ಅವ್ವ ಮೊದಲೇ ಬಂದು ನಿಂತಿದ್ದಳು. ಗಾದಿ ಇಳಿಸುವಾಗ ಏನಂತಾಳೋ ಎಂದು ನೋಡಿದರೆ, "ಇದು ಸರ್ಕಾರದ ಅಂಗಳ, ತವರಿನ ಹೊಸ್ತಿಲಲ್ಲ. ಇಳಿಸ್ರಿ, ನಡಿತೈತೆ" ಅಂದಳು. ಅಲ್ಲಿದ್ದವರೆಲ್ಲ ನಕ್ಕರು.

ನಮ್ಮ ಕೇಸು ಕೂಗಿದಾಗ ಅಧ್ಯಕ್ಷರು ಹೊರಗೆ ಬಂದರು. ಗಾದಿಯನ್ನು ವರಾಂಡದ ಸಮನಾದ ನೆಲದ ಮೇಲೆ ಹಾಸಿದೆವು. ಮಂಚವಿಲ್ಲ, ಹಲಗೆಯಿಲ್ಲ. ತಗ್ಗು ಮಾತ್ರ ಇದ್ದಲ್ಲೇ ಇತ್ತು. ಗಾದಿಯ ಅಂಚಿಗೆ ಹೊಲಿದಿದ್ದ ಕಂಪನಿಯ ಚೀಟಿಯನ್ನು ಬಿಲ್ಲಿನ ಜೊತೆ ಹೋಲಿಸಿ ನೋಡಿದರು, ಅದೇ ಗಾದಿ. ಆದರೂ ವಕೀಲರು, "ಸ್ವಲ್ಪ ಮೆತ್ತಗಾಗೋದು ಸಹಜ" ಅಂದರು.

"ಸಹಜ ಆದ್ರ ನೀವ ಒಂದ್ಸಲ ಕುಂತು ನೋಡ್ರಿ ವಕೀಲ್ ಸಾಹೇಬ್ರ" ಅಂದರು ಗಿರಿಜಮ್ಮ.

ಪಾಪ, ಅವರು ಜಂಬದಿಂದಲೇ ಕೂತರು. ಕೂತವರು ಹಿಂದಕ್ಕೆ ವಾಲಿದರು. ಏಳಲು ಹೋಗಿ ಮತ್ತೆ ಕೂತರು. ಕೊನೆಗೆ ನಾನೇ ಕೈಕೊಟ್ಟು ಎಬ್ಬಿಸಿದೆ. ಅಧ್ಯಕ್ಷರು ನಗು ತಡೆಯಲು ಕೆಮ್ಮಿದರು.

ಎಲ್ಲರೂ ಒಳಗೆ ಹೋದ ಮೇಲೆ ಅವರು ರೇಖಾಳನ್ನು ಕರೆದು, "ಹೇಳಮ್ಮ, ನಿಮ್ಮ ತಕರಾರೇನು?" ಅಂದರು. ಅವಳು ಸೆರಗಿನ ಅಂಚು ಹಿಡಿದು ನಿಂತಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು. ಅವಳು ಹೇಳದಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಗಿರಿಜಮ್ಮ ಹಿಂದಿನಿಂದ, "ಹೇಳ ತಾಯಿ, ಅಂಜಬ್ಯಾಡ" ಅಂದರು.

"ನಮ್ಮಣ್ಣ ಕೊಟ್ಟದ್ದು ಚಲೋ ಐತೆ ಅಂತ ಇಷ್ಟು ದಿನ ಎಲ್ಲಾರಿಗೂ ಹೇಳೀನಿ ಸರ್" ಎಂದಳು. "ಅದು ಸುಳ್ಳು. ಚಲೋ ಇಲ್ಲ. ಸೊಂಟ ನೋವು ತಿಂದೀನಿ. ನಮ್ಮಣ್ಣ ಅಂಗಡಿಯಾಗ ಹಗಲೆಲ್ಲ ತಂತಿ ಸುತ್ತಿ ಸುತ್ತಿ ಗಳಿಸಿದ್ರಲ್ಲಿ ಇದನ್ನ ಕೊಡಿಸ್ಯಾನ. ಅವನಿಗೆ ಮೋಸ ಆಗೈತೆ, ನನಗೂ ಆಗೈತೆ. ನಮಗೆ ನ್ಯಾಯ ಬೇಕು."

ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಹುಟ್ಟಿದಾಗಿನಿಂದ ನೋಡಿದ ನನ್ನ ತಂಗಿ ಇವಳೇನಾ ಅನ್ನಿಸಿತು.

ಕೆಲವು ವಾರಗಳ ನಂತರ ಆದೇಶ ಬಂತು. ಗಾದಿಯ ಪೂರ್ತಿ ಬೆಲೆ ವಾಪಸ್ ಕೊಡಬೇಕು, ಅವಳು ಪಟ್ಟ ತೊಂದರೆಗೆ ಪರಿಹಾರವನ್ನೂ ಸೇರಿಸಬೇಕು. ಫೋನಿನಲ್ಲಿ ಹೇಳಿದಾಗ ಹರಿಹರದಿಂದ ಗಿರಿಜಮ್ಮನ ಕೂಗು ನನ್ನ ಅಂಗಡಿಯಲ್ಲಿ ನಿಂತ ಗಿರಾಕಿಗಳಿಗೂ ಕೇಳಿಸಿತು. ಹೊಸ ಗಾದಿಯನ್ನು ಅತ್ತೆ ಸೊಸೆ ಇಬ್ಬರೇ ಬೇರೆ ಅಂಗಡಿಗೆ ಹೋಗಿ ತಂದರು. ಅಂಗಡಿಯವರ ಎದುರೇ ಮಲಗಿ, ಹೊರಳಿ, ಎದ್ದು ನೋಡಿ ಆರಿಸಿದರಂತೆ. ನನ್ನನ್ನು ಕರೆಯಲೂ ಇಲ್ಲ.

ಈಗ ಯಾರಾದರೂ ಕೆಟ್ಟ ಸಾಮಾನು ತಂದು ಪೇಚಾಡುತ್ತಿದ್ದರೆ ನಾನು ಹೇಳುವುದು ಒಂದೇ. ಕೂಗಾಡಬೇಡಿ, ಸುಮ್ಮನೂ ಇರಬೇಡಿ, ಬಿಲ್ಲು ಇಟ್ಟುಕೊಂಡು ದೂರು ಕೊಡಿ. ಆದರೆ ನನಗೆ ಸಿಕ್ಕ ನಿಜವಾದ ಪರಿಹಾರ ಹಣವಲ್ಲ. ಹೋದ ದೀಪಾವಳಿಗೆ ರೇಖಾಳಿಗೆ ಸೀರೆ ಒಯ್ದಿದ್ದೆ. ಎಲ್ಲರ ಎದುರು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೇ ವಾಪಸ್ ಇಟ್ಟಳು. "ಅಣ್ಣಾ, ಅಂಚಿನಾಗ ನೂಲು ಎದ್ದೈತೆ. ಬಿಲ್ ಐತಿಲ್ಲ? ಬದಲಾಯಿಸ್ಕೊಂಡು ಬಾ" ಅಂದಳು. ಗಿರಿಜಮ್ಮ ಜೋರಾಗಿ ನಕ್ಕರು. ಆ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ದಾವಣಗೆರೆಗೆ ಮರಳುವಾಗ ನಾನು ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.